ಹತ್ತೊಂಬತ್ತು ಗೀರು

"ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರ್ಕೊಂಡು ಕೂತ ಹಾಗಿದೆ ನೋಡು," ಎಂದ ಡೆಲ್ಮರ್.

ನಾನು ತಂದಿದ್ದ ಫೋಟೋವನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪಿಸ್ತೂಲು. ಅದರ ಸ್ಲೈಡು, ಹಿಂದೆ ಮುಂದೆ ಜಾರುವ ಮೇಲಿನ ಭಾಗ, ಅರ್ಧಕ್ಕೇ ನಿಂತಿತ್ತು. ತೆರೆದ ಬಾಯಿಯಲ್ಲಿ ಒಂದು ತೋಟಾ ಮೂತಿಯನ್ನು ಕೆಳಗೆ ಮಾಡಿಕೊಂಡು ಸಿಕ್ಕಿಹಾಕಿಕೊಂಡಿತ್ತು.

ಔಷಧಿ ಅಂಗಡಿಯ ಹಾರ್ಲನ್ ಸ್ಟಿಡಮ್ ಸತ್ತಾಗ ಅವನ ಕೈಯಲ್ಲಿದ್ದದ್ದು ಇದೇ. ಕಳೆದ ಗುರುವಾರ ಸಂಜೆ ಆರಕ್ಕೆ, ಅಂಗಡಿಯ ಹಿಂಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಯಾರೋ ಅವನ ಮೇಲೆ ಗುಂಡು ಹಾರಿಸಿದರು. ಅವನೂ ತಿರುಗಿ ಒಂದು ಗುಂಡು ಹಾರಿಸಿದ. ಅದು ಗೋಡೆಗೆ ಹೊಡೆಯಿತು. ಎರಡನೆಯದು ಹಾರಲೇ ಇಲ್ಲ.

"ಟೊಳ್ಳು ಮೂತಿ," ಎಂದ ಡೆಲ್ಮರ್, ಬೆರಳಿನಿಂದ ಆ ತೋಟಾ ತೋರಿಸುತ್ತ. "ಇಡೀ ಟಾಲ್ಬರ್ಟ್ ಫೋರ್ಕ್ ಊರಿಗೇ ಗೊತ್ತು, ಹಾರ್ಲನ್ ಪಿಸ್ತೂಲು ಇದನ್ನ ನುಂಗಲ್ಲ ಅಂತ. ಉಪಾಹಾರದ ಹೋಟೆಲಲ್ಲಿ ಕೂತು ಅವನೇ ನಗಾಡ್ತಿದ್ದ. ನನ್ನ ಪಿಸ್ತೂಲಿಗೂ ನನ್ನ ಹಾಗೇ ಹೊಟ್ಟೆ ನಾಜೂಕು, ಕಂಡದ್ದೆಲ್ಲಾ ಸೇರಲ್ಲ ಅಂತ."

"ಅದೇ ಈಗ ಯೂಡೋರಾ ಕುತ್ತಿಗೆಗೆ ಬಂದಿರೋದು."

ಯೂಡೋರಾ ಹಾರ್ಲನ್‌ನ ಹೆಂಡತಿ. ಈವತ್ತು ಮಧ್ಯಾಹ್ನ ಹನ್ನೆರಡಕ್ಕೆ ಷರೀಫ್ ಅವಳನ್ನು ಬಂಧಿಸುವವನಿದ್ದ. ಹಾರ್ಲನ್ ಸಾಯುವ ಐದು ದಿನ ಮೊದಲು, ಶನಿವಾರ, ಅವಳು ಇದೇ ಬಗೆಯ ತೋಟಾಗಳ ಒಂದು ಪೆಟ್ಟಿಗೆ ಕೊಂಡಿದ್ದಳು. ಅಂಗಡಿಯ ಕ್ಯಾಮೆರಾದಲ್ಲಿ ಅವಳ ಮುಖ ಸ್ಪಷ್ಟವಾಗಿತ್ತು. ಹೆಂಡತಿ ಪಿಸ್ತೂಲು ಕೆಡಿಸಿದಳು, ಬೇರೆ ಯಾರೋ ಬಂದು ಕೊಂದರು. ಷರೀಫನ ಲೆಕ್ಕ ಅಷ್ಟಕ್ಕೇ ಮುಗಿದಿತ್ತು. ರಾಜ್ಯದ ಪ್ರಯೋಗಾಲಯದ ಬಂದೂಕು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತಳಾದ ನನ್ನನ್ನು ಅವಳ ವಕೀಲರು ನಿನ್ನೆ ಸಂಜೆ ಫೋನ್ ಮಾಡಿ ಕರೆಸಿದ್ದರು.

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಇಪ್ಪತ್ತು ನಿಮಿಷವಿತ್ತು.

"ಊರವರು ನನ್ನ ಬಗ್ಗೆ ಏನಂತಿದಾರೆ ಗೊತ್ತಾ?" ಡೆಲ್ಮರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಎಪ್ಪತ್ತೆರಡರ ವಯಸ್ಸು, ಬಂದೂಕು ರಿಪೇರಿಯಲ್ಲೇ ಉಗುರು ಕಪ್ಪಾದ ಮನುಷ್ಯ. "ಡೆಲ್ಮರ್ ಟ್ಯಾಕೆಟ್ ಮಾರಿದ ಪಿಸ್ತೂಲು ಹಾರ್ಲನ್ನನ್ನ ಕೊಂದ್ಬಿಡ್ತು ಅಂತ. ನಿನ್ನೆ ಅಂಚೆ ಕಚೇರಿ ಹತ್ರ ಒಬ್ಬಳು ನನ್ನ ಮುಖ ನೋಡಿ ಆಚೆ ಬದಿಗೆ ದಾಟಿಬಿಟ್ಟಳು. ನಲವತ್ತು ವರ್ಷ ಪರಿಚಯ ಕಣೇ."

"ಪರೀಕ್ಷೆ ಮಾಡಿದ ಚೀಟಿ ಇದೆಯಾ?"

"ಇದೆಯಾ ಅಂತ ಕೇಳ್ತಾಳೆ ನೋಡು!"

ಅವನು ಮೇಜಿನ ಡ್ರಾಯರಿನಿಂದ ಎಣ್ಣೆಯ ಕಲೆಗಳಿದ್ದ ಒಂದು ರಟ್ಟಿನ ಚೀಟಿ ತೆಗೆದ. ಸೀಸದ ಕಡ್ಡಿಯ ಸಣ್ಣ ಅಕ್ಷರ. ಮಾರುವ ಮೊದಲು ಇನ್ನೂರು ಗುಂಡು ಹಾರಿಸಿ ನೋಡಿದ್ದ. ದುಂಡು ಮೂತಿಯವು ನೂರು: ಒಂದೂ ಸಿಕ್ಕಿಲ್ಲ. ಟೊಳ್ಳು ಮೂತಿಯವು, ಮೂರು ಬೇರೆ ಬೇರೆ ತಯಾರಿ, ಒಟ್ಟು ನೂರು: ಹದಿನೇಳು ಸಲ ಸಿಕ್ಕಿವೆ. ಅದರಲ್ಲಿ ಅಗಲ ಬಾಯಿಯ ಒಂದು ತಯಾರಿ ಮೂರಕ್ಕೊಂದು ಸಲ. ಕೆಳಗೆ ಅಡ್ಡಗೆರೆ ಎಳೆದು ಬರೆದಿದ್ದ: ಇದಕ್ಕೆ ದುಂಡು ಮೂತಿ ಮಾತ್ರ.

ಪುಟ್ಟ ಪಿಸ್ತೂಲುಗಳ ಕಷ್ಟವೇ ಇದು. ದೊಡ್ಡದರಲ್ಲಿ ಸ್ಲೈಡಿಗೆ ಹಿಂದೆ ಸರಿದು ಮುಂದೆ ಬರಲು ಜಾಗವಿದೆ, ಸಮಯವಿದೆ. ಸ್ವಲ್ಪ ಕೊಳೆಯಾಗಲಿ, ಹಿಡಿತ ಸ್ವಲ್ಪ ಸಡಿಲವಾಗಲಿ, ಅದು ಕ್ಷಮಿಸುತ್ತದೆ. ಅಂಗೈಯಷ್ಟರದ್ದು ಕ್ಷಮಿಸುವುದಿಲ್ಲ. ಹಿಡಿಯೊಳಗಿನ ತೋಟಾಗಳ ಗೂಡಾದ ಮ್ಯಾಗಜೀನಿನಿಂದ ಮೇಲೆ ಬಂದ ತೋಟಾ ಒಂದು ಗಿಡ್ಡ ಇಳಿಜಾರನ್ನು ಹತ್ತಿ ನಳಿಗೆಯ ಹಿಂತುದಿಯ ಚೇಂಬರಿನೊಳಗೆ ಹೋಗಬೇಕು. ದುಂಡು ಮೂತಿ ಜಾರಿಕೊಂಡು ಹೋಗುತ್ತದೆ. ಬಟ್ಟಲಿನಂತೆ ತೆರೆದ ಬಾಯಿಯದು ಅದೇ ಇಳಿಜಾರಿಗೆ ಅಂಚು ಸಿಕ್ಕಿಸಿಕೊಂಡು ನಿಲ್ಲುತ್ತದೆ.

"ಈಗ ಇದನ್ನ ನೋಡು," ಎಂದು ನಾನು ಎರಡನೆಯ ಫೋಟೋ ಇಟ್ಟೆ. "ಬೆಳಿಗ್ಗೆ ಕೋರ್ಟಿನ ನೆಲಮಾಳಿಗೆಯಲ್ಲಿ ತೆಗೆದದ್ದು. ಸಾಕ್ಷಿ ಸಾಮಾನಿನ ಕೋಣೇಲಿ."

ಅದು ಹಾರ್ಲನ್ ಹಾರಿಸಿದ ಮೊದಲ ಗುಂಡಿನ ಖಾಲಿ ಹಿತ್ತಾಳೆ ಕವಚ. ನಲವತ್ತು ಪಟ್ಟು ದೊಡ್ಡದಾಗಿ ಅದರ ತಳದ ಅಂಚು.

ಡೆಲ್ಮರ್ ಭೂತಗನ್ನಡಿ ಎಳೆದುಕೊಂಡ. ಫೋಟೋವನ್ನು ಒಮ್ಮೆ ಓರೆ ಮಾಡಿ, ಒಮ್ಮೆ ನೇರ ಮಾಡಿ ನೋಡಿದ.

"ಇದು ದುಂಡು ಮೂತಿದು," ಎಂದ ಕೊನೆಗೆ. "ನಾನು ಕೊಟ್ಟ ತಯಾರೀನೇ. ಈ ಅಂಚೇನು, ಬೆಕ್ಕು ಪರಚಿದ ಹಾಗಿದೆ?"

"ಎಣಿಸು."

ತುಟಿ ಅಲುಗಾಡಿಸುತ್ತ ಎಣಿಸಿದ. "ಹದಿನೆಂಟು... ಹತ್ತೊಂಬತ್ತು. ಒಂದರ ಮೇಲೊಂದು ಬಿದ್ದಿರೋದೂ ಇರ್ಬೇಕು."

"ನನಗೂ ಹತ್ತೊಂಬತ್ತೇ. ಕಡಿಮೆ ಅಂದ್ರೆ ಹತ್ತೊಂಬತ್ತು."

"ಹೇಳಿದ್ದೆ ಕಣೇ ಅವನಿಗೆ!" ಡೆಲ್ಮರ್ ಮೇಜಿಗೆ ಅಂಗೈ ಬಡಿದ. "ಸಾವಿರ ಸಲ ಹೇಳಿದ್ದೆ!"

ಸೊಂಟದಲ್ಲೋ ಜೇಬಿನಲ್ಲೋ ದಿನವೂ ಪಿಸ್ತೂಲು ಇಟ್ಟುಕೊಂಡು ಓಡಾಡುವವರಲ್ಲಿ ಅರ್ಧ ಜನ ಮಾಡುವ ತಪ್ಪು ಇದು. ಸಂಜೆ ಮನೆಗೆ ಬಂದ ಕೂಡಲೇ ಚೇಂಬರಿನಲ್ಲಿದ್ದ ತೋಟಾ ಹೊರಗೆ ತೆಗೆಯುತ್ತಾರೆ. ಅದನ್ನೇ ಮ್ಯಾಗಜೀನಿನ ತಲೆಯ ಮೇಲೆ ಇಡುತ್ತಾರೆ. ಬೆಳಿಗ್ಗೆ ಸ್ಲೈಡ್ ಎಳೆದಾಗ ಮತ್ತೆ ಅದೇ ಒಳಗೆ ಹೋಗುತ್ತದೆ. ಪ್ರತಿ ಸಲವೂ ತೋಟಾವನ್ನು ಹೊರಗೆಳೆಯುವ ಕೊಕ್ಕೆ ಅದರ ಅಂಚಿನಲ್ಲಿ ಒಂದು ಗೀರು ಬಿಡುತ್ತದೆ. ಪ್ರತಿ ಸಲವೂ ಮೂತಿಗೆ ಒಂದು ಪೆಟ್ಟು ಬಿದ್ದು, ಗುಂಡು ಕೂದಲೆಳೆಯಷ್ಟು ಕವಚದೊಳಗೆ ಕುಸಿಯುತ್ತದೆ. ಕುಸಿದ ಗುಂಡು ಹಾರಿದಾಗ ಒಳಗಿನ ಒತ್ತಡ ಏರುತ್ತದೆ, ಒಮ್ಮೊಮ್ಮೆ ಕೈಯಲ್ಲೇ ಸಿಡಿಯುತ್ತದೆ. ಔಷಧಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯುತ್ತಿದ್ದ ಹಾರ್ಲನ್ ಕೂಡ ಈ ತಪ್ಪು ಮಾಡುತ್ತಿದ್ದ.

"ಬೈಬೇಡ ಅವನನ್ನ," ಎಂದೆ. "ಆ ತಪ್ಪೇ ಅವನ ಹೆಂಡತೀನ ಉಳಿಸಬಹುದು. ಯೋಚನೆ ಮಾಡು. ಚೇಂಬರಲ್ಲಿ ಇದ್ದದ್ದು ಅವನ ಹಳೇ ದುಂಡು ಮೂತಿ. ಮ್ಯಾಗಜೀನಲ್ಲಿ ಇದ್ದ ಐದೂ ಟೊಳ್ಳು ಮೂತಿ. ಹೆಂಡತಿ ಮನೇಲಿ ಬದಲಾಯಿಸಿದ್ರೆ ಏನಾಗ್ತಿತ್ತು?"

ಡೆಲ್ಮರನ ಹುಬ್ಬು ಮೇಲೇರಿತು. "ಮನೇಲಿ ಚೇಂಬರ್ ಖಾಲಿ ಇರೋದು. ಆರೂ ಟೊಳ್ಳಾಗಿರ್ತಿದ್ವು. ಬೆಳಿಗ್ಗೆ ಚೇಂಬರಿಗೂ ಟೊಳ್ಳೇ ಹೋಗ್ತಿತ್ತು."

"ಹೋಗ್ಬೇಕಿತ್ತು. ಹೋಗಿಲ್ಲ."

"ಅಂದ್ರೆ ಅವನು ಬೆಳಿಗ್ಗೆ ಸ್ಲೈಡ್ ಎಳೆದು ಜೇಬಿಗೆ ಹಾಕ್ಕೊಂಡ ಮೇಲೆ..."

"ಹಗಲು ಹೊತ್ತಲ್ಲಿ ಯಾರೋ ಮ್ಯಾಗಜೀನ್ ಮಾತ್ರ ಮುಟ್ಟಿದಾರೆ. ಮ್ಯಾಗಜೀನ್ ಬದಲಾಯಿಸೋಕೆ ಹತ್ತು ಸೆಕೆಂಡ್ ಸಾಕು, ಸದ್ದೂ ಇಲ್ಲ. ಚೇಂಬರ್ ಖಾಲಿ ಮಾಡಬೇಕಾದ್ರೆ ಸ್ಲೈಡ್ ಎಳೀಬೇಕು. ಆ ಸದ್ದು ಈ ಊರಲ್ಲಿ ಯಾರಿಗೆ ಗೊತ್ತಾಗಲ್ಲ?"

"ಆದ್ರೆ ಹಾರ್ಲನ್ ಅದನ್ನ ಜೇಬಿಂದ ತೆಗೀತಾನೇ ಇರ್ಲಿಲ್ಲ. ಚರ್ಚಲ್ಲೂ ಇರೋದು."

"ಎಲ್ಲೋ ತೆಗೆದಿದಾನೆ. ಅದನ್ನ ಯೂಡೋರಾ ಹೇಳ್ಬೇಕು." ನಾನು ಫೋಟೋಗಳನ್ನು ಜೋಡಿಸಿಕೊಂಡು ಎದ್ದೆ.

"ನಿಲ್ಲೇ. ನಿನ್ನ ಪಿಸ್ತೂಲು ಕೊಡಿಲ್ಲಿ. ಹಾರ್ಲನ್ನಂದೂ ನಿಂದೂ ಒಂದೇ ಪೆಟ್ಟಿಗೇಲಿ ಬಂದ ಅಕ್ಕತಂಗಿ. ಜೇಬಿನ ನೂಲು, ಕಸ ಎಲ್ಲಾ ತುಂಬಿರುತ್ತೆ. ಎರಡು ನಿಮಿಷ, ಒರೆಸಿ ಕೊಡ್ತೀನಿ. ಏನು ಹಾಕಿದೀಯಾ ಅದಕ್ಕೆ?"

"ನೀನು ಹೇಳಿದ್ದೇ. ದುಂಡು ಮೂತಿ. ಎರಡು ನಿಮಿಷಾನೂ ಇಲ್ಲ ಮಾರಾಯ, ಕೋರ್ಟಿನ ಬಾಗಿಲಲ್ಲಿ ಅದನ್ನ ಇಟ್ಟು ತಗೊಳ್ಳೋಕೇ ಹತ್ತು ನಿಮಿಷ ಹೋಯ್ತು ಈವತ್ತು."

"ಆಮೇಲೆ ನನ್ನ ಬೈಬೇಡ," ಎಂದ ಡೆಲ್ಮರ್.

*

ಯೂಡೋರಾಳ ಅಡುಗೆಮನೆಯ ಮೇಜಿನ ತುಂಬ ಬೇರೆಯವರ ಪಾತ್ರೆಗಳಿದ್ದವು. ಸಾವಿನ ಮನೆಗೆ ಊರವರು ತಂದುಕೊಟ್ಟ ಬೀನ್ಸ್, ಜೋಳದ ರೊಟ್ಟಿ, ಬೇಯಿಸಿದ ಆಲೂಗಡ್ಡೆಯ ತಟ್ಟೆ. ಪ್ರತಿ ಪಾತ್ರೆಗೂ ಒಂದು ತುಂಡು ಅಂಟುಪಟ್ಟಿ, ಅದರ ಮೇಲೆ ತಂದವರ ಹೆಸರು. ಯಾವುದನ್ನೂ ಯಾರೂ ಮುಟ್ಟಿದಂತಿರಲಿಲ್ಲ.

ಅವಳು ಚರ್ಚಿಗೆ ಹೋಗುವಾಗಿನ ನೀಲಿ ಉಡುಪಿನಲ್ಲಿದ್ದಳು. ಕುರ್ಚಿಯ ಪಕ್ಕ ಒಂದು ಸಣ್ಣ ಚೀಲ.

"ಹಲ್ಲುಜ್ಜೋ ಬ್ರಷ್ ಇಟ್ಕೊಂಡಿದೀನಿ," ಎಂದಳು. "ಒಳಗೆ ಬಿಡ್ತಾರಾ ಅದನ್ನ?"

"ಯೂಡೋರಾ, ನಾನು ಕೇಳೋದಕ್ಕೆ ಸರಿಯಾಗಿ ಉತ್ತರ ಕೊಟ್ರೆ ಅದರ ಅವಶ್ಯಕತೆ ಬೀಳಲ್ಲ."

"ಏನೂ ಕೇಳ್ಬೇಡಿ ವೆರ್ನಾ. ವಕೀಲರಿಗೂ ಹೇಳಿಬಿಡಿ, ಗುದ್ದಾಡೋದು ಬೇಡ ಅಂತ. ಷರೀಫ್ ಬಂದ ಕೂಡಲೇ ನಾನೇ ಒಪ್ಕೊಳ್ತೀನಿ." ಅವಳ ದನಿ ನಡುಗಲಿಲ್ಲ. ಅದೇ ನನ್ನನ್ನು ಹೆದರಿಸಿತು. "ನಾನೇ ಬದಲಾಯಿಸಿದ್ದು."

ನಾನು ಕುಳಿತೆ. "ಯಾವಾಗ?"

"ಸೋಮವಾರ. ಅವರು ಸ್ನಾನಕ್ಕೆ ಹೋಗಿದ್ರು. ಹಳೇವು ಆರನ್ನೂ ತೆಗೆದು ಹೊಲಿಗೆ ಸಾಮಾನಿನ ಡ್ರಾಯರಿಗೆ ಹಾಕಿದೆ. ಹೊಸ ಪೆಟ್ಟಿಗೇಲಿದ್ದ ಆರು ತುಂಬಿಸಿದೆ."

"ಯಾಕೆ?"

"ತರಗತೀಲಿ ಹೇಳಿದ್ರು. ದುಂಡು ಗುಂಡು ಒಬ್ಬನ ಮೈಯೊಳಗೆ ಹೊಕ್ಕು ಆಚೆ ಬಂದು ಹಿಂದಿರೋ ಮಗೂಗೂ ತಗಲುತ್ತೆ ಅಂತ. ಟೊಳ್ಳು ಮೂತಿದು ಒಳಗೇ ಅರಳಿ ನಿಂತುಬಿಡುತ್ತೆ ಅಂತ. ಅಂಗಡೀಲಿ ದಿನಾ ಎಷ್ಟು ಜನ ತಾಯಂದಿರು ಮಕ್ಕಳನ್ನ ಎತ್ಕೊಂಡು ನಿಂತಿರ್ತಾರೆ! ಹಾರ್ಲನ್‌ಗೆ ಹೇಳಿದ್ರೆ ನಕ್ಕುಬಿಟ್ರು. ಹೊಟ್ಟೆ ನಾಜೂಕು ಅಂತ ಅದೇ ಹಳೇ ತಮಾಷೆ. ನಾನು ಅದನ್ನ ತಮಾಷೆ ಅಂತಲೇ ಅಂದ್ಕೊಂಡೆ ವೆರ್ನಾ." ಈಗ ದನಿ ಒಡೆಯಿತು. "ಅವರು ಎರಡನೇ ಸಲ ಒತ್ತಿದಾಗ ಹಾರ್ಲಿಲ್ಲವಂತೆ. ಆ ಎರಡನೇದು ನಾನು ನನ್ನ ಕೈಯಾರೆ ತುಂಬಿಸಿದ್ದು."

ತರಗತಿಯಲ್ಲಿ ಅವಳಿಗೆ ಹೇಳಿದ್ದು ಸುಳ್ಳಲ್ಲ. ಪ್ರಯೋಗಾಲಯದಲ್ಲಿ ನಾನೇ ನೂರಾರು ಸಲ, ಮೈಮಾಂಸದ ಬದಲಿಗೆ ಬಳಸುವ ಜೆಲ್ಲಿಯ ಗಟ್ಟಿಗೆ ಗುಂಡು ಹಾರಿಸಿ ಅಳೆದು ನೋಡಿದ್ದೇನೆ. ಆದರೆ ಎಷ್ಟು ಒಳ್ಳೆಯ ಗುಂಡಾದರೂ ಮೊದಲು ನಳಿಗೆಯಿಂದ ಹೊರಗೆ ಬರಬೇಕು. ಅವಳಿಗೆ ಅರ್ಧ ಮಾತ್ರ ಯಾರೋ ಹೇಳಿಕೊಟ್ಟಿದ್ದರು.

"ಆ ಪೆಟ್ಟಿಗೆ ಎಲ್ಲಿ?"

ಅವಳು ಉಡುಪಿನ ಅಂಚು ಎಳೆದು ಸರಿಪಡಿಸಿಕೊಂಡಳು.

"ಯೂಡೋರಾ. ಶುಕ್ರವಾರ ಮನೆಯೆಲ್ಲಾ ಹುಡುಕಿ, ಹಾರ್ಲನ್ ಹತ್ರ ಇದ್ದ ಬೇರೆ ತೋಟಾ ಎಲ್ಲಾ ಎತ್ಕೊಂಡು ಹೋಗಿದಾರೆ. ಇದು ಮಾತ್ರ ಸಿಕ್ಕಿಲ್ಲ. ಎಲ್ಲಿಟ್ಟಿದೀರಿ?"

ಅವಳು ಎದ್ದು ಹಿಟ್ಟಿನ ಡಬ್ಬಿಗೆ ಮೊಣಕೈವರೆಗೆ ತೋಳು ಇಳಿಸಿದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪೆಟ್ಟಿಗೆ ಬಿಳಿ ಹಿಟ್ಟು ಉದುರಿಸುತ್ತ ಮೇಲೆ ಬಂತು.

"ಗುರುವಾರ ಸುದ್ದಿ ಬಂದ ಕೂಡಲೇ ಹೊಲಿಗೆ ಡ್ರಾಯರಿಂದ ತೆಗೆದು, ಬೇರೇನೂ ನೋಡದೆ ಇಲ್ಲಿ ಹೂತಿಟ್ಟೆ. ಆಮೇಲೆ ಮುಟ್ಟಿಲ್ಲ."

"ಸೋಮವಾರದ ಮೇಲೆ ತೆರೆದು ನೋಡಿದ್ರಾ?"

"ಆ ದರಿದ್ರಾನ ನಾನ್ಯಾಕೆ ತೆರೀಲಿ?"

"ಇಪ್ಪತ್ತರ ಪೆಟ್ಟಿಗೆ. ನೀವು ಆರು ತೆಗೆದಿದೀರಿ. ಎಷ್ಟಿರಬೇಕು?"

"ಹದಿನಾಲ್ಕು."

"ತೆರೀರಿ. ನೀವೇ ಎಣಿಸಿ."

ಅವಳ ಬೆರಳು ಮುಚ್ಚಳದ ಮೇಲೆ ಜಾರಿತು. ಎರಡನೆಯ ಸಲಕ್ಕೆ ತೆರೆಯಿತು. ಒಳಗೆ ಐದೈದರ ನಾಲ್ಕು ಸಾಲು.

ಯಾವ ಗೂಡೂ ಖಾಲಿಯಿರಲಿಲ್ಲ.

ಅವಳು ಎಣಿಸಿದಳು. ಮತ್ತೆ ಎಣಿಸಿದಳು. ಮೂರನೆಯ ಸಲ ಒಂದೊಂದನ್ನೂ ಬೆರಳಿಂದ ಮುಟ್ಟಿ ಎಣಿಸಿದಳು.

"ಇಪ್ಪತ್ತಿದೆ," ಎಂದಳು. "ಹೇಗೆ ಇಪ್ಪತ್ತಿದೆ?"

ನಾನು ಕೈಗವಸು ಹಾಕಿಕೊಂಡು, ಕಿಸೆಯ ಭೂತಗನ್ನಡಿಯಡಿ ಒಂದೊಂದೇ ತೋಟಾ ಹಿಡಿದು ನೋಡಿದೆ. ಹದಿನೇಳನೆಯದರಲ್ಲಿ ಸಿಕ್ಕಿತು. ಬಟ್ಟಲಿನಂಥ ಬಾಯಿಯ ಅಂಚು ಒಂದು ಬದಿಯಲ್ಲಿ ಚಪ್ಪಟೆಯಾಗಿತ್ತು.

"ಇದು ಇಳಿಜಾರಿಗೆ ಹೊಡೆದು ನಿಂತ ಗುರುತು," ಎಂದೆ. "ಮಂಗಳವಾರ ಬೆಳಿಗ್ಗೆ ಹಾರ್ಲನ್ ಎಂದಿನ ಹಾಗೆ ಸ್ಲೈಡ್ ಎಳೆದಿದಾರೆ. ಸಿಕ್ಕಿಹಾಕ್ಕೊಂಡಿದೆ. ತೆಗೆದು ನೋಡಿದಾರೆ. ಆರನ್ನೂ ನಿಮ್ಮ ಪೆಟ್ಟಿಗೆಗೇ ವಾಪಸ್ ಇಟ್ಟು, ಡ್ರಾಯರಲ್ಲಿದ್ದ ಹಳೇವನ್ನ ತುಂಬಿಸ್ಕೊಂಡು ಹೋಗಿದಾರೆ. ಅವರ ಪಿಸ್ತೂಲಲ್ಲಿ ಸಿಕ್ಕಿದ್ದು ನಿಮ್ಮ ತೋಟಾ ಅಲ್ಲ ಯೂಡೋರಾ. ಅವು ಇನ್ಯಾರದ್ದೋ ಪೆಟ್ಟಿಗೆಯವು."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಮಂಗಳವಾರ," ಎಂದಳು ನಿಧಾನವಾಗಿ. "ಹೊರಟವರು ಬಾಗಿಲ ತನಕ ಹೋಗಿ ವಾಪಸ್ ಬಂದ್ರು. ಏನೋ ಮರೆತೆ ಅಂದ್ರು. ಆ ಕೋಣೇಲಿ ಸ್ವಲ್ಪ ಹೊತ್ತು ಸದ್ದು ಮಾಡ್ತಾ ಇದ್ರು. ಆಮೇಲೆ ಬಂದು ನನ್ನ ನೆತ್ತಿ ಮೇಲೆ ಕೈ ಇಟ್ಟು, ಏನೂ ಹೇಳದೆ ಹೋದ್ರು. ನಾನು ಪಾತ್ರೆ ತೊಳೀತಿದ್ದೆ. ತಿರುಗೂ ನೋಡ್ಲಿಲ್ಲ."

"ಗೊತ್ತಿತ್ತು ಅವರಿಗೆ."

"ಗೊತ್ತಿದ್ದೂ ಒಂದು ಮಾತು ಅನ್ನಲಿಲ್ಲ." ಅವಳು ಈಗ ಅತ್ತಳು. ಆರು ದಿನದ ಅಳು. ನಾನು ಕಾದೆ. ಕಾಯಲು ಸಮಯವಿರಲಿಲ್ಲ, ಆದರೂ ಕಾದೆ.

ಗಡಿಯಾರದಲ್ಲಿ ಹತ್ತೂ ಐವತ್ತು.

"ಈಗ ಹೇಳಿ. ಗುರುವಾರ ಹಗಲಲ್ಲಿ ಆ ಪಿಸ್ತೂಲು ಅವರ ಜೇಬಿಂದ ಎಲ್ಲಾದರೂ ಹೊರಗೆ ಬಂತಾ? ತುಂಬಿದ ಹಾಗೇ?"

"ಇಲ್ಲ. ಅವರು..." ಮೂಗೊರೆಸಿಕೊಳ್ಳುತ್ತಿದ್ದ ಅವಳ ಕೈ ಅರ್ಧಕ್ಕೇ ನಿಂತಿತು. "ಕೋರ್ಟು. ಮೂರು ಗಂಟೆಗೆ ಕೋರ್ಟಿಗೆ ಹೋಗಿದ್ರು."

"ಯಾಕೆ?"

"ಸತ್ತವರ ಹೆಸರಲ್ಲಿ ಅಮಲೇರಿಸೋ ನೋವಿನ ಮಾತ್ರೆಗೆ ಡಾಕ್ಟರ ಚೀಟಿ ಬರ್ತಿವೆ, ಯಾರೋ ಬಂದು ತಗೊಂಡು ಹೋಗ್ತಿದಾರೆ ಅಂದಿದ್ರು. ಆ ಚೀಟಿಗಳನ್ನೆಲ್ಲಾ ಕೌಂಟಿಯ ಸರ್ಕಾರಿ ವಕೀಲರಿಗೆ ತೋರಿಸಬೇಕು ಅಂತ ಹೋದ್ರು. ಒಳಗೆ ಅರ್ಧ ಗಂಟೆ ಕಾದ್ರೂ ಆ ವಕೀಲರು ಸಿಗಲಿಲ್ಲ. ಒಳಗೆ ಹೋಗೋವಾಗ್ಲೇ ಬಾಗಿಲಲ್ಲಿ ವಿಷಯ ಹೇಳಿದ್ದೆ, ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ ಅಂತಾನೂ ಹೇಳಿ ಬಂದೆ, ಅಂದ್ರು ಫೋನಲ್ಲಿ."

"ಬಾಗಿಲಲ್ಲಿ ಯಾರಿಗೆ?"

"ಇನ್ಯಾರಿಗೆ? ಕೋಯ್ ರಡ್‌ಗೆ."

ಕೋಯ್ ರಡ್ ಷರೀಫನ ಸಹಾಯಕ. ಕೋರ್ಟಿನ ಬಾಗಿಲಲ್ಲಿ ಸದಾ ನಗುವ ಮುಖ. ಒಳಗೆ ಹೋಗುವವರೆಲ್ಲ ತಮ್ಮ ಪಿಸ್ತೂಲನ್ನು ಅವನ ಹಿಂದಿನ ಗೋಡೆಯ ಸಣ್ಣ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿ ತೆಗೆದುಕೊಂಡು ಹೋಗಬೇಕು. ಖಾಲಿ ಮಾಡಿ ಇಡುವವರು ಯಾರೂ ಇಲ್ಲ. ಬಾಗಿಲಲ್ಲಿ ನಿಂತು ಸ್ಲೈಡ್ ಎಳೆಯಲು ಹೋದಾಗಲೇ ಅನಾಹುತವಾಗುವುದು. ಎಲ್ಲರೂ ಒಪ್ಪಿಕೊಂಡ ಬುದ್ಧಿವಂತ ನಿಯಮ. ಪೆಟ್ಟಿಗೆಗೆ ಇನ್ನೊಂದು ಕೀಲಿ ಬಾಗಿಲು ಕಾಯುವವನ ಬಳಿ ಇರುತ್ತದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ.

"ಯೂಡೋರಾ, ನಿಮಗೆ ಟೊಳ್ಳು ಮೂತಿ ಬಗ್ಗೆ ಹೇಳಿಕೊಟ್ಟ ತರಗತಿ..."

"ಶನಿವಾರದ್ದು. ಚರ್ಚಿನ ಹಾಲಲ್ಲಿ, ಹೆಂಗಸರಿಗೆ. ಕೋಯ್‌ನೇ ಹೇಳ್ಕೊಡೋದು. ನಾನು ಪೆಟ್ಟಿಗೆ ಕೊಂಡೆ ಅಂತ ಭಾನುವಾರ ಅವನಿಗೆ ಹೇಳಿದ್ದೆ, ಒಳ್ಳೇದಾಯ್ತು ಅಂದ." ಅವಳ ಕಣ್ಣು ಮೇಜಿನ ಮೇಲಿನ ಒಂದು ತಟ್ಟೆಗೆ ಹೋಯಿತು. ಅಂಟುಪಟ್ಟಿಯ ಮೇಲೆ ರಡ್ ಎಂದಿತ್ತು. "ಅಯ್ಯೋ ದೇವರೇ. ಅವನೇ ತಂದುಕೊಟ್ಟ ಇದನ್ನ."

ನನಗೆ ಆ ತಟ್ಟೆ ಕಾಣಿಸುತ್ತಿರಲಿಲ್ಲ. ಕಾಣಿಸುತ್ತಿದ್ದದ್ದು ಈವತ್ತಿನ ಬೆಳಗು. ಎಂಟೂವರೆ ಗಂಟೆ. ಕೋರ್ಟಿನ ಬಾಗಿಲು. *ಖಾಲಿ ಮಾಡೋದು ಬೇಡ ಮಿಸ್ ವೆರ್ನಾ, ಹಾಗೇ ಇಡಿ. ನೆಲಮಾಳಿಗೇಲಿ ಎಷ್ಟು ಹೊತ್ತಾಗುತ್ತೆ ನಿಮಗೆ? ಮುಕ್ಕಾಲು ಗಂಟೆ? ನಿಧಾನವಾಗಿ ಮಾಡ್ಕೊಳ್ಳಿ.*

ನಾನು ಕೋಟಿನ ಜೇಬಿಗೆ ಕೈ ಹಾಕಿದೆ.

ಪಿಸ್ತೂಲನ್ನು ಮೇಜಿನ ಅಡಿಯಲ್ಲೇ ಹಿಡಿದು ಮ್ಯಾಗಜೀನ್ ಕೆಳಗೆ ಜಾರಿಸಿದೆ. ಅಂಗೈಯಲ್ಲಿ ತಿರುಗಿಸಿದೆ. ಬೆಳಿಗ್ಗೆ ಆರಕ್ಕೆ ನಾನೇ ತುಂಬಿದ್ದು ದುಂಡು ಮೂತಿಯವು. ಈಗ ಮೇಲಿದ್ದ ತೋಟಾ ಬಟ್ಟಲಿನಂಥ ಅಗಲ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು.

ಅದರ ಕೆಳಗಿನದೂ. ಅದರ ಕೆಳಗಿನದೂ.

ಬದಲಿ ಮ್ಯಾಗಜೀನ್ ಒಂದಿತ್ತು. ಕಾರಿನಲ್ಲಿ.

ಹೊರಗೆ ಜಲ್ಲಿಯ ಮೇಲೆ ಚಕ್ರ ಉರುಳಿ ನಿಂತಿತು. ಗಾಡಿಯ ಬಾಗಿಲು ಮುಚ್ಚಿದ ಸದ್ದು. ಜಗಲಿಯ ಹಲಗೆಗಳ ಮೇಲೆ ಬೂಟುಗಳು, ಅವಸರವಿಲ್ಲದೆ.

"ಹನ್ನೆರಡಕ್ಕೆ ಅಲ್ವಾ ಬರೋದು?" ಎಂದಳು ಯೂಡೋರಾ ಪಿಸುಗುಟ್ಟಿ.

ನಾನು ಮ್ಯಾಗಜೀನನ್ನು ಸದ್ದಾಗದಂತೆ ಮೇಲೆ ತಳ್ಳಿದೆ. ಸ್ಲೈಡಿನ ಪಕ್ಕದ ಕಿಂಡಿಯಲ್ಲಿ ಹಿತ್ತಾಳೆ ಮಿನುಗಿತು. ಚೇಂಬರಿನಲ್ಲಿದ್ದದ್ದು ಇನ್ನೂ ನನ್ನದೇ. ಅವನು ಸ್ಲೈಡ್ ಎಳೆದಿರಲಿಲ್ಲ.

"ಮಿಸ್ ಯೂಡೋರಾ?" ತಂತಿಬಲೆಯ ಬಾಗಿಲಿನ ಆಚೆಯಿಂದ ಅದೇ ನಗುವ ದನಿ. "ನಾನು, ಕೋಯ್. ಷರೀಫ್ ಸ್ವಲ್ಪ ಮುಂಚೇನೇ ಕರ್ಕೊಂಡು ಬಾ ಅಂದ್ರು." ಬೂಟುಗಳು ಒಂದು ಹೆಜ್ಜೆ ಬದಿಗೆ ಸರಿದವು. "ಓಹೋ, ಮಿಸ್ ವೆರ್ನಾ ಕಾರೂ ಇಲ್ಲೇ ಇದೆ. ಒಳ್ಳೇದಾಯ್ತು ಬಿಡಿ. ನನಗೊಂದು ಓಡಾಟ ತಪ್ಪಿತು."

ಬಾಗಿಲ ಚಿಲಕ ಮೇಲೆದ್ದಿತು.

ಒಂದು ಗುಂಡು, ಎಂದುಕೊಂಡೆ. ಹಾರ್ಲನ್‌ಗೆ ಸಿಕ್ಕಿದ್ದಷ್ಟೇ ನನಗೂ.